ಮೊದಲು ನೆಕ್ ಬಿಚ್ಚಿ, ನಂಬರ್ ಆಮೇಲೆ ನೋಡೋಣ

"ಇದು 1964ರ ಜಾಝ್ ಬಾಸ್ ಸಾರ್. ಬೇಕಾದ್ರೆ ನಂಬರ್ ನೋಡಿ."

ಹಳೆಯ ಬಾಸ್ ಗಿಟಾರ್ ಹಿಡಿದು ನನ್ನ ರಿಪೇರಿ ಮೇಜಿಗೆ ಬರುವವರ ಮೊದಲ ಮಾತು ಸಾಮಾನ್ಯವಾಗಿ ಹೀಗೇ ಇರುತ್ತದೆ. ಈಚೆಗೆ ಬಂದವರೊಬ್ಬರೂ ಹೀಗೇ ಅಂದರು. ಕೊಳ್ಳುವ ಮೊದಲು ಒಮ್ಮೆ ತೋರಿಸೋಣ ಅಂತ ಮಾರುವವರನ್ನೂ ಜೊತೆಗೆ ಕರೆತಂದಿದ್ದರು. ನಾನು ನಂಬರ್ ನೋಡಲಿಲ್ಲ. ಸ್ಕ್ರೂಡ್ರೈವರ್ ಎತ್ತಿಕೊಂಡೆ.

ಜಾಝ್ ಬಾಸ್ ಅಂದರೆ ಅಮೆರಿಕದ ಫೆಂಡರ್ ಕಂಪನಿಯ ಒಂದು ಮಾದರಿ. ಆ ಕಾಲದ ಫೆಂಡರ್ ಬಾಸ್‌ಗಳಲ್ಲಿ ಸೀರಿಯಲ್ ನಂಬರ್ ಇರುವುದು ಹಿಂಬದಿಯ ಒಂದು ಸಣ್ಣ ತಗಡಿನ ಮೇಲೆ. ಬೆರಳು ಒತ್ತಿ ಬಾರಿಸುವ ಉದ್ದನೆಯ ನೆಕ್ಕನ್ನು ವಾದ್ಯದ ಒಡಲಿಗೆ, ಅಂದರೆ ಬಾಡಿಗೆ, ಬಿಗಿಯುವ ನಾಲ್ಕು ಸ್ಕ್ರೂ ಆ ತಗಡಿನ ಮೂಲಕವೇ ಹೋಗುತ್ತವೆ. ಬೇರೆ ತಗಡು ಹಾಕಲು ಎರಡು ನಿಮಿಷ ಸಾಕು. ಮೋಸದ ಮಾತು ಬಿಡಿ, ಕಾರ್ಖಾನೆಯಲ್ಲೇ ತಗಡುಗಳನ್ನು ಡಬ್ಬಿಯಿಂದ ಕೈಗೆ ಸಿಕ್ಕ ಹಾಗೆ ತೆಗೆದು ಹಾಕುತ್ತಿದ್ದರು. ಹಾಗಾಗಿ ನಂಬರ್ ನೋಡಿದರೆ ಸಿಗುವುದು ಬರೀ ಒಂದು ಅಂದಾಜು. 1951ರಲ್ಲಿ ಲಿಯೋ ಫೆಂಡರ್ ಪ್ರಿಸಿಷನ್ ಬಾಸ್ ತಂದಾಗಲೇ ಅದು ಬಿಚ್ಚಿ ಜೋಡಿಸುವಂಥ ವಾದ್ಯ. ನೆಕ್ ಕೆಟ್ಟರೆ ಬೇರೆ ನೆಕ್ ಹಾಕಿದರಾಯಿತು. ನಮ್ಮಂಥ ರಿಪೇರಿಯವರಿಗೆ ಇದು ವರ. ಯಾವ ಭಾಗ ಯಾವ ಬಾಸಿನದು ಅಂತ ಇವತ್ತು ಹುಡುಕುವವರಿಗೆ ಇದೇ ತಲೆನೋವು.

ನೆಕ್ ಬಿಚ್ಚಿದರೆ ಅದರ ಬುಡದಲ್ಲಿ ತಾರೀಖು ಇರುತ್ತದೆ. 1950ರ ದಶಕದಲ್ಲಿ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. 1962ರಿಂದ ಶಾಯಿಯ ಮುದ್ರೆ. ಉದಾಹರಣೆಗೆ '7 ಏಪ್ರಿಲ್ 64 ಎ' ಎಂಬ ಮುದ್ರೆ. ಇದನ್ನು ಏಪ್ರಿಲ್ 7ನೇ ತಾರೀಖು ಅಂತ ಓದುವವರೇ ಜಾಸ್ತಿ. ಅದು ದಿನ ಅಲ್ಲ, 7 ಅಂದರೆ ಜಾಝ್ ಬಾಸ್ ಅನ್ನುವ ಗುರುತು. ಕೊನೆಯ ಅಕ್ಷರ ನೆಕ್ಕಿನ ಅಗಲ ಹೇಳುತ್ತದೆ. ಇನ್ನೊಂದು ವಿಷಯ, ಇದು ನೆಕ್ ತಯಾರಾದ ತಾರೀಖು ಮಾತ್ರ. ಬಾಸ್ ಜೋಡಣೆ ಆಗಿದ್ದು ಆಮೇಲೆ.

ನಂತರ ನೋಡುವುದು ವಾಲ್ಯೂಮ್, ಟೋನ್ ಗುಬ್ಬಿಗಳ ಕೆಳಗಿನ ಪಾಟ್‌ಗಳನ್ನು, ಅಂದರೆ ಗುಬ್ಬಿ ತಿರುಗಿಸಿದಾಗ ದನಿ ಏರಿಸಿ ಇಳಿಸುವ ಬಿಡಿಭಾಗಗಳನ್ನು. ಅವುಗಳ ಮೈಮೇಲೆ ಸಣ್ಣ ಅಂಕಿಗಳಿರುತ್ತವೆ. 1376622 ಅಂತಿದ್ದರೆ 137 ತಯಾರಕರಾದ ಸಿಟಿಎಸ್ ಕಂಪನಿಯ ಗುರುತು, ಮುಂದಿನದು 1966, ಕೊನೆಯದು ವರ್ಷದ 22ನೇ ವಾರ. ಪಾಟ್ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಬಿದ್ದಿರಬಹುದು. ಹಾಗಾಗಿ ಅದರಿಂದ ತಿಳಿಯುವುದು ಇಷ್ಟೇ: ಈ ಜೋಡಣೆ ಆ ವಾರಕ್ಕಿಂತ ಹಿಂದಿನದಲ್ಲ. ಅದೂ ಬೆಸುಗೆ ಯಾರೂ ಮುಟ್ಟದೆ ಇದ್ದರೆ ಮಾತ್ರ. ನಾನು ಭೂತಗನ್ನಡಿ ಹಿಡಿದು ಜಾಸ್ತಿ ಹೊತ್ತು ನೋಡುವುದು ಬೆಸುಗೆಯನ್ನೇ. ಬಟ್ಟೆ ಸುತ್ತಿದ ಹಳೆಯ ವೈರ್ ತುದಿಯಲ್ಲಿ ಎರಡನೇ ಸಲ ಬಿಸಿ ಮಾಡಿದ ಗುರುತು ಇದ್ದರೆ, ತಂತಿಯ ಕಂಪನ ಹಿಡಿಯುವ ಪಿಕಪ್ ಬದಲಾಗಿದೆಯಾ ಅಂತ ಕೇಳಲೇಬೇಕು.

ತೂತುಗಳನ್ನೂ ಓದಬಹುದು. 1960ರ ದಶಕದಲ್ಲಿ ಫೆಂಡರ್ ಬಾಸಿನ ಮೇಲೆ ಬೆರಳು ಊರುವ ಪಟ್ಟಿಯೊಂದು ಇರುತ್ತಿತ್ತು, ತೀರಾ ತೆಳುವಾದ ಜಿ ತಂತಿಯ ಬದಿಗೆ. ಜನ ಹೆಬ್ಬೆರಳಿನಿಂದ ಮೀಟುತ್ತಾರೆ, ಉಳಿದ ಬೆರಳು ಅಲ್ಲಿ ಊರುತ್ತಾರೆ ಅನ್ನುವ ಲೆಕ್ಕ. ಮುಂದೆ 1970ರ ದಶಕದಲ್ಲಿ ಅದು ದಪ್ಪ ತಂತಿಯ ಬದಿಗೆ ಹೋಯಿತು. ಯಾರಾದರೂ 1964 ಅಂದರೆ, ಜಿ ತಂತಿಯ ಕಡೆ ಎರಡು ತೂತು ಇರಬೇಕು. ಇಲ್ಲದಿದ್ದರೆ ಅವನ್ನು ಯಾರೋ ಮುಚ್ಚಿ ಮೇಲೆ ಬಣ್ಣ ಹೊಡೆದಿದ್ದಾರೆ. ಇಲ್ಲವೇ ಬಾಡಿಯೇ ಬೇರೆಯದು.

ಬಣ್ಣ ಹೊಸದಾಗಿ ಹೊಡೆಸಿದ ಬಾಸಿನ ಬೆಲೆ ಸಾಮಾನ್ಯವಾಗಿ ಅರ್ಧದಷ್ಟು ಬೀಳುತ್ತದೆ. ಕೂಡಿಡುವವರಿಗೆ ಇದು ದುಃಖದ ಸುದ್ದಿ. ಬಾರಿಸುವವರಿಗೆ ಇಷ್ಟು ಒಳ್ಳೆಯ ಅವಕಾಶ ಇನ್ನೊಂದಿಲ್ಲ. ಅದೇ ಮರ, ಅದೇ ಪಿಕಪ್, ಅರ್ಧ ದುಡ್ಡು.

ವರ್ಷದ ವಿಷಯ ಇಲ್ಲಿಗೆ ಸಾಕು. ಎಲ್ಲ ಭಾಗ ಅಸಲಿಯೇ ಇರಲಿ, ನೆಕ್ ಕೆಟ್ಟಿದ್ದರೆ ಏನೂ ಪ್ರಯೋಜನವಿಲ್ಲ. ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ಕೆಲಸ ಶುರುಮಾಡಿದ ಹೊಸದರಲ್ಲಿ ಒಂದು ಹಳೆಯ ಪ್ರಿಸಿಷನ್ ಕೊಂಡಿದ್ದೆ. ನೆಕ್ ಸ್ವಲ್ಪ ಬಿಲ್ಲಿನ ಹಾಗೆ ಬಾಗಿತ್ತು. "ರಾಡ್ ಅರ್ಧ ಸುತ್ತು ತಿರುಗಿಸಿ, ನೇರ ಆಗುತ್ತೆ" ಅಂದರು ಮಾರಿದವರು. ನೆಕ್ಕಿನ ಒಳಗಿರುವ ಕಬ್ಬಿಣದ ಸಲಾಕೆಗೆ ಟ್ರಸ್ ರಾಡ್ ಅನ್ನುತ್ತಾರೆ. ತಂತಿಗಳ ಎಳೆತಕ್ಕೆ ಎದುರಾಗಿ ನೆಕ್ಕನ್ನು ಹಿಡಿದಿಡುವುದು ಅದೇ. ಹಳೆಯ ಫೆಂಡರ್‌ಗಳಲ್ಲಿ ಅದರ ನಟ್ಟು ನೆಕ್ಕಿನ ಬುಡದಲ್ಲಿರುತ್ತದೆ. ಬಿಚ್ಚದೆ ಸರಿಯಾಗಿ ಕಾಣುವುದಿಲ್ಲ. ಮನೆಗೆ ಬಂದು ಬಿಚ್ಚಿದೆ. ನಟ್ಟು ಆಗಲೇ ಕೊನೆ ಮುಟ್ಟಿತ್ತು, ಕಾಲು ಸುತ್ತೂ ಉಳಿದಿರಲಿಲ್ಲ. ಆಮೇಲೆ ನೆಕ್ಕಿಗೆ ಬಿಸಿ ಕೊಟ್ಟು ಬಿಗಿದಿಟ್ಟು, ನೆಕ್ಕಿನ ಮೇಲೆ ಅಡ್ಡಕ್ಕೆ ಕೂರಿಸಿರುವ ಲೋಹದ ಫ್ರೆಟ್ ಎಲ್ಲ ಕಿತ್ತು ಹೊಸದು ಹಾಕಿದ್ದಾಯಿತು. ಕೆಲಸ ಚೆನ್ನಾಗಿ ಕಲಿತೆ, ಆ ಬಾಸಿನಲ್ಲಿ ದುಡ್ಡು ಮಾತ್ರ ಹುಟ್ಟಲಿಲ್ಲ.

ನೆಕ್ ನೋಡುವುದು ಕಷ್ಟವೇನಲ್ಲ. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒತ್ತಿ ಹಿಡಿಯಿರಿ. ಏಳು, ಎಂಟನೇ ಫ್ರೆಟ್ ಹತ್ತಿರ ತಂತಿಯ ಕೆಳಗೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಇದ್ದರೆ ಒಳ್ಳೆಯದು. ಅದಕ್ಕಿಂತ ತುಂಬ ಜಾಸ್ತಿ ಇದ್ದರೆ ನಟ್ಟಿನಲ್ಲಿ ಇನ್ನೂ ಎಷ್ಟು ಸುತ್ತು ಉಳಿದಿದೆ ಅಂತ ನೋಡದೆ ದುಡ್ಡು ಕೊಡಬೇಡಿ. ಬಾಡಿಯ ಮೇಲೆ ತಂತಿಗಳು ಕೂರುವ ಬ್ರಿಡ್ಜ್ ಕಡೆಯಿಂದ ಒಂದೇ ಕಣ್ಣು ತೆರೆದು ನೆಕ್ಕಿನ ಉದ್ದಕ್ಕೂ ನೋಡಿ. ಬಾಗಿದ್ದನ್ನು ಸರಿ ಮಾಡಬಹುದು. ತಿರುಚಿಕೊಂಡಿದ್ದರೆ ಬಿಟ್ಟುಬಿಡಿ.

ಬೇರೆ ಕಂಪನಿಗಳ ವಾದ್ಯಗಳಿಗೆ ಬೇರೆ ಕಾಯಿಲೆ. ಗಿಬ್ಸನ್ ತಂಡರ್‌ಬರ್ಡ್ ಬಂದಿದ್ದು 1963ರಲ್ಲಿ. ಅದರ ತಲೆ ಹಿಂದಕ್ಕೆ ವಾಲಿರುತ್ತದೆ. ಒಮ್ಮೆ ಬಿದ್ದರೆ ಕುತ್ತಿಗೆ ಹತ್ತಿರ ಸೀಳುತ್ತದೆ, ಅಂಟು ಹಾಕಿದ ಗೆರೆ ಇದೆಯಾ ನೋಡಿ. ಹಳೆಯ ರಿಕನ್‌ಬ್ಯಾಕರ್ 4001ರಲ್ಲಿ ಎರಡು ರಾಡ್. ನೆಕ್ಕನ್ನು ಮೊದಲು ಕೈಯಿಂದಲೇ ಒತ್ತಿ ಬೇಕಾದ ಆಕಾರಕ್ಕೆ ತಂದು, ಆಮೇಲೆ ನಟ್ಟನ್ನು ಸುಮ್ನೆ ಬಿಗಿಯಬೇಕು. ನಟ್ಟಿನಿಂದಲೇ ನೇರ ಮಾಡಲು ಹೋದರೆ ಫ್ರೆಟ್ ಕೂರಿಸಿರುವ ನೆಕ್ಕಿನ ಮೇಲಿನ ಮರದ ಪಟ್ಟಿಯೇ (ಫಿಂಗರ್‌ಬೋರ್ಡ್) ಎದ್ದು ಬರುತ್ತದೆ.

ಯಾವ ಮಾದರಿ ಕೊಳ್ಳಲಿ ಅಂತ ಕೇಳಿದರೆ ನಾನು ನಿಮ್ಮ ಕೈ ನೋಡುತ್ತೇನೆ. ಪ್ರಿಸಿಷನ್, ಜಾಝ್ ಎರಡರಲ್ಲೂ ತಂತಿಯ ಉದ್ದ 34 ಇಂಚು. ಆದರೆ ತಲೆ ಹತ್ತಿರ ನೆಕ್ಕಿನ ಅಗಲ ಹಳೆಯ ಪ್ರಿಸಿಷನ್‌ನಲ್ಲಿ ಸುಮಾರು 44 ಮಿಲಿಮೀಟರ್, 1960ರಲ್ಲಿ ಬಂದ ಜಾಝ್‌ನಲ್ಲಿ 38. ಗಿಬ್ಸನ್ ಇಬಿ-3ರಲ್ಲಿ ತಂತಿಯೇ 30.5 ಇಂಚು. ಫೋಟೋ ನೋಡಿ ಕೊಂಡು, ಆಮೇಲೆ ಕೈ ನೋವು ಅಂತ ಬಂದವರನ್ನು ಬೇಕಾದಷ್ಟು ಕಂಡಿದ್ದೇನೆ.

ನಾದದ ಬಗ್ಗೆ ಒಂದು ಮಾತು. "ಹಳೆಯ ಮರದ ದನಿ" ಅಂತ ಜನ ಮೆಚ್ಚುವುದರಲ್ಲಿ ಅರ್ಧ ಭಾಗ ಹಳೆಯ ತಂತಿಯದ್ದೇ ಅಂತ ನನ್ನ ಅನುಮಾನ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬಾಸ್ ವಾದಕ ಜೇಮ್ಸ್ ಜೇಮರ್ಸನ್ ಬಾರಿಸುತ್ತಿದ್ದ 1962ರ ಪ್ರಿಸಿಷನ್‌ಗೆ ನುಣುಪಾದ ಫ್ಲಾಟ್‌ವೌಂಡ್ ತಂತಿ ಹಾಕಿತ್ತು. ಅವನ್ನು ಅವರು ಬದಲಾಯಿಸುತ್ತಿದ್ದುದೇ ಅಪರೂಪ. ಹಾಗಾಗಿ ಬಾಸ್ ಪರೀಕ್ಷೆ ಮಾಡುವಾಗ ಮೊದಲು ಯಾವ ತಂತಿ, ಎಷ್ಟು ಹಳೆಯದು ಅಂತ ಕೇಳಿ. ಸಾಧ್ಯವಾದರೆ ಅದೇ ತಂತಿ ಹಾಕಿದ ಹೊಸ ಬಾಸ್ ಪಕ್ಕದಲ್ಲಿಟ್ಟು ಕೇಳಿ. ಕೆಲವರ ಆಸೆ ಅಲ್ಲೇ ಇಳಿದಿದ್ದೂ ಉಂಟು.

1965ರಲ್ಲಿ ಸಿಬಿಎಸ್ ಕಂಪನಿ ಫೆಂಡರ್ ಕೊಂಡುಕೊಂಡ ಮೇಲೆ ಎಲ್ಲ ಕೆಟ್ಟಿತು ಅನ್ನುತ್ತಾರಲ್ವಾ? ನಾನು ಒಪ್ಪುವುದಿಲ್ಲ. 1970ರ ದಶಕದ ಬಾಸ್‌ಗಳಲ್ಲಿ ಭಾರವಾದವು ಜಾಸ್ತಿ, ನೆಕ್ ಕೂರುವ ಜಾಗ ಸಡಿಲ ಇರುವವೂ ಇವೆ. ಅವುಗಳ ನಡುವೆಯೇ ನಾನು ಕೇಳಿದ ಅತ್ಯುತ್ತಮ ಜಾಝ್ ಬಾಸ್ ಕೂಡ ಇದೆ. ಕಲಿಯಲು ಬೇಕು ಅಂದರೆ 1980ರ ದಶಕದ ಜಪಾನ್ ತಯಾರಿಕೆ ನೋಡಿ. ಕೈಕೆಲಸ ಅಚ್ಚುಕಟ್ಟು, ಬಿಚ್ಚಿ ನೋಡಲು ಭಯವಿಲ್ಲ. ಮತ್ತೆ, ಹಳೆಯ ಬಾಸ್ ಹಿಡಿದು ದೇಶ ದಾಟುವವರು ಫಿಂಗರ್‌ಬೋರ್ಡಿನ ಮರ ಯಾವುದು ಅಂತ ತಿಳಿದಿರಲಿ. ಬ್ರೆಜಿಲ್‌ನ ರೋಸ್‌ವುಡ್ 1992ರಿಂದ ಅಳಿವಿನಂಚಿನ ಪ್ರಾಣಿ, ಸಸ್ಯಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟ್ಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ, ಅನುಮತಿ ಪತ್ರ ಇಲ್ಲದೆ ಗಡಿಯಲ್ಲಿ ವಾದ್ಯವೇ ಕೈತಪ್ಪಬಹುದು.

ಆ ಜಾಝ್ ಬಾಸಿನ ಕತೆಗೆ ಬರೋಣ. ನೆಕ್ 1964ರದ್ದೇ. ಪಾಟ್‌ಗಳು 1966ರವು, ಬೆಸುಗೆ ಮತ್ತೆ ಮಾಡಿದ್ದು. ಬಾಡಿಗೆ ಹೊಸ ಬಣ್ಣ, ಜಿ ತಂತಿಯ ಕಡೆಯ ಎರಡು ತೂತು ಬಣ್ಣದ ಕೆಳಗೆ ಮುಚ್ಚಿಹೋಗಿದ್ದವು. ನೆಕ್ ಮಾತ್ರ ನೂಲು ಹಿಡಿದ ಹಾಗೆ ನೇರ, ನಟ್ಟು ಇನ್ನೂ ಸಲೀಸಾಗಿ ತಿರುಗುತ್ತಿತ್ತು. ಮಾರುವವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬೆಲೆ ಇಳಿಸಿದರು. ಕೊಳ್ಳುವವರು ಅಲ್ಲೇ ಒಪ್ಪಿಕೊಂಡರು. ಎಲ್ಲ ಮುಗಿಸಿ ಸ್ಕ್ರೂ ಬಿಗಿಯುವಾಗ ತಗಡು ಕಣ್ಣಿಗೆ ಬಿತ್ತು. ಎಲ್ ಅಕ್ಷರದಿಂದ ಶುರುವಾಗುವ, 1964ರ ಸುಮಾರಿನ ನಂಬರ್. ಅವರು ಸುಳ್ಳೇನೂ ಹೇಳಿರಲಿಲ್ಲ.