ಮುಕ್ಕಾಲು ಪರ್ಸೆಂಟ್ ಬಡ್ಡಿ, ಪೆನ್ಸಿಲ್ಲಿನಲ್ಲಿ ಬರೆದ ಲೆಕ್ಕ

ಬಡದೇಶಗಳಿಗೆ ಅಗ್ಗದ ಸಾಲ ಕೊಡುವ ವಿಶ್ವಬ್ಯಾಂಕಿನ ಅಂಗಸಂಸ್ಥೆ ಐಡಿಎ. ಅದರ ಸಾಲದ ಕಡತ ಬಿಚ್ಚಿದಾಗಲೆಲ್ಲ ಒಬ್ಬರಾದರೂ ಕೇಳುತ್ತಾರೆ: "ಬರೀ ಶೇ 0.75 ಅಲ್ವಾ ಸರ್? ಅದೂ ನಲವತ್ತು ವರ್ಷಕ್ಕೆ. ಪುಕ್ಕಟೆ ಸಿಕ್ಕ ಹಾಗೇ ಆಯ್ತು." ಊರಿನ ಸ್ನೇಹಿತರು ಹಾಗೆಂದರೆ ಬೇಸರವಿಲ್ಲ. ಆದರೆ ಆಫ್ರಿಕದ ಮಲಾವಿಯಂಥ ಬಡದೇಶದ ನೀರಿನ ಯೋಜನೆಗೆ ವರದಿ ಬರೆಯುವ ಸಲಹೆಗಾರರೇ ಹೀಗೆಂದಾಗ ನನಗೆ ತಡೆಯಲಾಗುವುದಿಲ್ಲ.

ಬಡ್ಡಿಯನ್ನು ಬಿಡಿ, ಅಸಲು ನೋಡಿ. ಸಾಲ ಬಂದದ್ದು ಡಾಲರಿನಲ್ಲಿ, ಇಲ್ಲವೇ ಡಾಲರ್, ಯೂರೊ, ಯುವಾನ್, ಯೆನ್, ಪೌಂಡ್ ಸೇರಿಸಿ ಅಂತರರಾಷ್ಟ್ರೀಯ ಹಣಕಾಸು ನಿಧಿ ಕಟ್ಟಿದ ಎಸ್‌ಡಿಆರ್ ಎಂಬ ಲೆಕ್ಕದ ಮಾನದಲ್ಲಿ. ನೀರಿನ ಬಿಲ್ ವಸೂಲಾಗುವುದು ಮಲಾವಿಯ ಹಣವಾದ ಕ್ವಾಚಾದಲ್ಲಿ. 2012ರ ಮೇ ತಿಂಗಳಿಗೆ ಮೊದಲು ಒಂದು ಡಾಲರಿಗೆ ಸುಮಾರು 165 ಕ್ವಾಚಾ ಇತ್ತು. ಆ ತಿಂಗಳು ಅದು 250ಕ್ಕೆ ಹೋಯಿತು. 2023ರ ನವೆಂಬರಿನಲ್ಲಿ ಮತ್ತೊಮ್ಮೆ ಅಪಮೌಲ್ಯವಾಗಿ 1,180ರ ಆಸುಪಾಸಿನಿಂದ 1,700 ಮುಟ್ಟಿತು. ಅಂದರೆ 10 ಲಕ್ಷ ಡಾಲರ್ ಅಸಲು ಮೊದಲು 16.5 ಕೋಟಿ ಕ್ವಾಚಾ ಇದ್ದದ್ದು 2023ರ ಕೊನೆಗೆ 170 ಕೋಟಿ. ಯಾರೂ ಹೊಸದಾಗಿ ಒಂದು ಕಾಸೂ ಸಾಲ ತಂದಿಲ್ಲ. ಇಂಥ ಸಾಲದಲ್ಲಿ ಮೊದಲ 6–10 ವರ್ಷ ಅಸಲು ಕಟ್ಟುವ ಗೊಡವೆಯೇ ಇಲ್ಲ. ಕಂತು ಶುರುವಾಗುವ ಹೊತ್ತಿಗೆ ಸಹಿ ಹಾಕಿದವರು ಆ ಕುರ್ಚಿಯಲ್ಲಿ ಇರುವುದಿಲ್ಲ.

"ಬೆಲೆಗಳೂ ಏರಿವೆಯಲ್ಲ, ತೆರಿಗೆಯೂ ಏರುತ್ತದಲ್ಲ" ಎನ್ನಬಹುದು. ನಿಜ. ಹಣದುಬ್ಬರ ಹೊರೆಯ ಒಂದಷ್ಟು ಭಾಗವನ್ನು ತಿಂದುಹಾಕುತ್ತದೆ. ನನ್ನ ತಕರಾರು ಬೇರೆ. ಯೋಜನೆಯ ಎಕ್ಸೆಲ್ ಹಾಳೆಯಲ್ಲಿ ಈ ಸಲಹೆಗಾರರು ನೀರಿನ ದರವನ್ನು ಪ್ರತಿ ವರ್ಷ ಹಣದುಬ್ಬರದಷ್ಟೇ ಏರಿಸಿಕೊಂಡು ಹೋಗುತ್ತಾರೆ, ಡಾಲರಿನ ದರವನ್ನು ಮಾತ್ರ ಮೊದಲ ವರ್ಷದಲ್ಲಿದ್ದಂತೆಯೇ ಕೊನೆಯವರೆಗೂ ಬಿಡುತ್ತಾರೆ. ವರಮಾನ ಉಬ್ಬುತ್ತದೆ, ಸಾಲ ಇದ್ದಲ್ಲೇ ಇರುತ್ತದೆ. ಹೀಗೆ ಮಾಡಿದರೆ ಯಾವ ಯೋಜನೆಯೂ ಲಾಭದ್ದೇ! ದರ ಏರಿಸುವುದಾದರೆ ಡಾಲರನ್ನೂ ಏರಿಸಿ. ಡಾಲರ್ ನಿಲ್ಲಿಸುವುದಾದರೆ ನೀರಿನ ದರವನ್ನೂ ನಿಲ್ಲಿಸಿ. ಇದನ್ನು ಹೇಳಿ ಹೇಳಿ ನನ್ನ ಗಂಟಲು ಸೋತಿದೆ.

ನಾನು ಹುಣಸೂರು ಕಡೆಯವನು, ಹೊಗೆಸೊಪ್ಪಿನ ಹರಾಜು ನೋಡುತ್ತ ಬೆಳೆದವನು. ಮಲಾವಿಯ ರಾಜಧಾನಿ ಲಿಲಾಂಗ್ವೆಯ ಕನೆಂಗೊ ಹರಾಜು ಕಟ್ಟೆಗೆ ಮೊದಲ ಸಲ ಹೋದಾಗ ಸಾಲುಸಾಲು ಬೇಲು, ಅದೇ ಘಾಟು, ಗಂಟಲು ಕೆರೆತ. ಒಂದೇ ವ್ಯತ್ಯಾಸವೆಂದರೆ ಅಲ್ಲಿ ಕಿಲೋ ಸೊಪ್ಪಿಗೆ ಬೆಲೆ ಡಾಲರಿನಲ್ಲಿ. ಆ ದೇಶ ಡಾಲರಿಗೆ ಬಹುಮಟ್ಟಿಗೆ ನೆಚ್ಚಿಕೊಂಡಿರುವುದು ಈ ಸೊಪ್ಪನ್ನೇ. ಪೆಟ್ರೋಲು, ಗೊಬ್ಬರ, ಔಷಧಿ, ಸಾಲದ ಕಂತು ಎಲ್ಲಕ್ಕೂ ಅಲ್ಲಿಂದಲೇ ಬರಬೇಕು. ಮಳೆ ಕೈಕೊಟ್ಟ ವರ್ಷ ಪೆಟ್ರೋಲ್ ಬಂಕಿನ ಮುಂದೆ ಮಿನಿಬಸ್ಸುಗಳ ಸಾಲು ಬೆಳೆಯುತ್ತದೆ.

ಅಲ್ಲಿನ ಒಂದು ಪಟ್ಟಣದ ನೀರು ಸರಬರಾಜು ಕಚೇರಿಯ ಲೆಕ್ಕಾಧಿಕಾರಿ ಹೆಂಗಸನ್ನು ನಾನು ಮರೆಯಲಾರೆ. ಉದ್ದನೆಯ ಲೆಡ್ಜರಿನಲ್ಲಿ ಕಂತಿನ ಡಾಲರ್ ಮೊತ್ತವನ್ನು ನೀಲಿ ಶಾಯಿಯಲ್ಲಿ ಬರೆದಿದ್ದರು, ಪಕ್ಕದಲ್ಲಿ ಕ್ವಾಚಾ ಮೊತ್ತವನ್ನು ಪೆನ್ಸಿಲ್ಲಿನಲ್ಲಿ. "ಇದನ್ನು ಮತ್ತೆ ಮತ್ತೆ ಅಳಿಸಬೇಕಾಗುತ್ತದೆ, ಬಾಂಬೋ" ಎಂದರು; ಅಲ್ಲಿನ ಮಾತಿನಲ್ಲಿ ಬಾಂಬೋ ಎಂದರೆ ಸ್ವಾಮಿ. ಉಜ್ಜಿ ಉಜ್ಜಿ ಕೆಲವು ಕಡೆ ಹಾಳೆ ತೂತು ಬಿದ್ದಿತ್ತು. ಸರ್ಕಾರ ಆ ಸಾಲವನ್ನು ಕಚೇರಿಗೆ ದಾಟಿಸುವಾಗ ವಿನಿಮಯದ ಹೊರೆಯನ್ನೂ ಜೊತೆಗೇ ದಾಟಿಸಿತ್ತು. ಅದನ್ನು ಕಚೇರಿ ಹೊರುವುದು ಹೇಗೆ? ಬೀದಿ ನಲ್ಲಿಯ ಕಟ್ಟೆಯಲ್ಲಿ ಕಾಸು ಕೊಟ್ಟು ಒಂದೊಂದೇ ಬಕೆಟ್ ತುಂಬಿಸಿಕೊಳ್ಳುವ ತಾಯಂದಿರ ಮೇಲೆ ದರ ಏರಿಸಿ.

ಸಾಲವೇ ಬೇಡ ಎನ್ನುತ್ತಿಲ್ಲ. ದೇಶದೊಳಗೇ ಸರ್ಕಾರ ಎತ್ತುವ ಸಾಲದ ಬಡ್ಡಿ ಶೇ 20 ದಾಟಿದ್ದುಂಟು, ಅದರ ಮುಂದೆ ಐಡಿಎ ಬಹಳ ಅಗ್ಗ. 2006ರಲ್ಲಿ ಬಡದೇಶಗಳ ಸಾಲ ಮನ್ನಾ ಯೋಜನೆಯಡಿ ಮಲಾವಿಯ ಹಳೆಯ ಹೊರೆ ಬಹುಪಾಲು ಇಳಿದಿತ್ತು. ಸಾಲದ ಸಂಕಷ್ಟದಲ್ಲಿರುವ ದೇಶಗಳಿಗೆ ಐಡಿಎ ಈಗ ಸಾಲದ ಬದಲು ಅನುದಾನವನ್ನೇ ಕೊಡುವುದೂ ಉಂಟು. ಪ್ರತಿ ಒಪ್ಪಂದದ ಷರತ್ತು ಬೇರೆ, ಹಾಗಾಗಿ ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಚ್ಚಬೇಡಿ.

ಆ ಪಟ್ಟಣದ ಮುಂದಿನ ಯೋಜನೆಯ ಹಾಳೆಗೆ ನಾನೂ ಆ ಲೆಕ್ಕಾಧಿಕಾರಿಯೂ ಕೂತು ಒಂದು ಸಾಲು ಸೇರಿಸಿದೆವು: ವರ್ಷವರ್ಷದ ಡಾಲರ್ ದರ. ಒಂಬತ್ತನೇ ವರ್ಷಕ್ಕೇ ಲೆಕ್ಕ ಕೆಂಪಾಯಿತು. ಕಡತ ಸಚಿವಾಲಯಕ್ಕೆ ವಾಪಸು ಹೋಯಿತು, ಸಾಲದ ಮೊತ್ತ ಇಳಿಯಿತು. ಹೊಸ ಪಂಪ್‌ಹೌಸ್ ಆಮೇಲೆ, ಸೋರುವ ಪೈಪು ಮೊದಲು ಎಂದು ತೀರ್ಮಾನವಾಯಿತು.