ಮೇಸ್ತ್ರಿಯ ಮಾತು, ದಾಳದ ಲೆಕ್ಕ

ಬಚ್ಚಲುಮನೆಗೆ ಟೈಲ್ಸ್ ಹಾಕುವವರು ಬೆಳಿಗ್ಗೆ ಒಂಬತ್ತಕ್ಕೇ ಬಂದಿದ್ದರು. ಗೋಡೆಯೊಳಗಿನ ಪೈಪಿಗೆ ನೀರು ಬಿಟ್ಟು ಸೋರಿಕೆ ನೋಡುವುದು ಇನ್ನೂ ಬಾಕಿ ಇತ್ತು. ಪ್ಲಂಬರ್ ಬೇರೊಂದು ಮನೆಯ ಕೆಲಸಕ್ಕೆ ಹೋಗಿದ್ದ. ಟೈಲ್ಸಿನವರು ಚಹಾ ಕುಡಿದು ಹೊರಟವರು ಮತ್ತೆ ಕೈಗೆ ಸಿಕ್ಕಿದ್ದು ಹತ್ತು ದಿನಗಳ ಮೇಲೆ. ಮನೆ ಕಟ್ಟಿಸಿದವರೆಲ್ಲರ ಬಳಿಯೂ ಇಂಥದೊಂದು ಕಥೆ ಇರುತ್ತದೆ, ಅದರಲ್ಲಿ ಒಬ್ಬ ಸೋಮಾರಿಯೂ ಇರುತ್ತಾನೆ. ನನ್ನ ಕಥೆಯಲ್ಲಿ ಬಹಳ ಕಾಲ ಆ ಪಾತ್ರ ಪ್ಲಂಬರನದಾಗಿತ್ತು.

ನಿರ್ಮಾಣ ನಿರ್ವಹಣೆ ಓದುವ ವಿದ್ಯಾರ್ಥಿಗಳಿಗೆ ತರಗತಿಯಲ್ಲಿ ಆಡಿಸುವ 'ಪೆರೇಡ್' ಎಂಬ ಆಟವೊಂದಿದೆ. ಸೆಂಟ್ರಿಂಗ್, ಕಂಬಿ ಕಟ್ಟುವುದು, ಕಾಂಕ್ರೀಟ್, ಗಾರೆ ಎಂದು ಕಸುಬು ಹಂಚಿಕೊಂಡು ಸಾಲಾಗಿ ಕೂರುತ್ತಾರೆ. ದಾಳ ಉರುಳಿಸಿ ಬಿದ್ದಷ್ಟು ಕೆಲಸವನ್ನು ಪಕ್ಕದವರಿಗೆ ದಾಟಿಸಬೇಕು. ಹಿಂದಿನವರಿಂದ ಬಂದದ್ದಕ್ಕಿಂತ ಹೆಚ್ಚು ದಾಟಿಸುವಂತಿಲ್ಲ. ಮಾಮೂಲಿ ದಾಳದ ಸರಾಸರಿ 3.5, ಅಂದರೆ ಎಲ್ಲರ ಸಾಮರ್ಥ್ಯವೂ ಒಂದೇ. ಆದರೂ ಹಿಂದಿನ ಉಳಿಕೆ ಏನೂ ಇಲ್ಲದ ದಿನ, ಇಬ್ಬರನ್ನು ದಾಟಿ ಬರುವ ಕೆಲಸದ ಸರಾಸರಿ ಸುಮಾರು 2.5, ಮೂವರನ್ನು ದಾಟಿದರೆ ಬರೀ 2. ಹಿಂದಿನವರಿಗೆ ಒಂದು ಬಿದ್ದ ದಿನ ನಿಮಗೆ ಆರು ಬಿದ್ದರೆ ಆ ಆರು ದಂಡ. ನಿಮಗೆ ಒಂದು ಬಿದ್ದರೆ ಅದರ ಪೆಟ್ಟು ಮಾತ್ರ ತಪ್ಪದೆ ಮುಂದಿನವರಿಗೆ ತಲುಪುತ್ತದೆ.

ಈಗ ಮೂರು ಮತ್ತು ನಾಲ್ಕು ಮಾತ್ರ ಸಮಸಮವಾಗಿ ಇರುವ ದಾಳ ಕೊಡಿ. ಸರಾಸರಿ ಅದೇ 3.5, ಯಾರ ಕೈಯೂ ಚುರುಕಾಗಿಲ್ಲ. ಆದರೆ ಮೂವರನ್ನು ದಾಟಿದ ಮೇಲೂ 3.125 ಉಳಿಯುತ್ತದೆ! ಏರಿಳಿತ ಇಳಿದದ್ದಕ್ಕೇ ಇಷ್ಟು ಫಲ.

ಕಟ್ಟಡದ ನಿವೇಶನದಲ್ಲಿ ಈ ಏರಿಳಿತವನ್ನು ಹಿಡಿದು ಹಾಕುವುದು ಹೇಗೆ ಎಂಬುದನ್ನೇ ನಿರ್ಮಾಣ ನಿರ್ವಹಣೆಯ ಸಂಶೋಧಕ ಗ್ಲೆನ್ ಬ್ಯಾಲರ್ಡ್ 2000ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಪಿಎಚ್‌ಡಿ ಪ್ರಬಂಧಕ್ಕೆ ವಿಷಯವಾಗಿಸಿದರು. ಅವರ ವಿಧಾನದ ಹೆಸರು 'ಲಾಸ್ಟ್ ಪ್ಲಾನರ್'. ನಾಳೆ ಯಾರು ಏನು ಮಾಡಬೇಕೆಂದು ಕಟ್ಟಕಡೆಗೆ ತೀರ್ಮಾನಿಸುವವನು ಎಂದರ್ಥ; ನಮ್ಮಲ್ಲಾದರೆ ಮೇಸ್ತ್ರಿ. ನಕ್ಷೆ, ಸಾಮಾನು, ಹಿಂದಿನ ಕೆಲಸ, ಈ ಮೂರರಲ್ಲಿ ಒಂದಾದರೂ ತಯಾರಿಲ್ಲದ ಕೆಲಸವನ್ನು ವಾರದ ಪಟ್ಟಿಗೆ ಸೇರಿಸಲು ಅವನು ಒಪ್ಪಬೇಕಾಗಿಲ್ಲ. 'ಆಗುವುದಿಲ್ಲ' ಎನ್ನುವ ಅಧಿಕಾರ ಮೇಸ್ತ್ರಿಗೆ ಸಿಗುವುದೇ ನನಗೆ ಈ ವಿಧಾನದ ಜೀವಾಳವಾಗಿ ಕಾಣುತ್ತದೆ. ವಾರದ ಕೊನೆಗೆ ಒಪ್ಪಿದ್ದರಲ್ಲಿ ಶೇಕಡಾ ಎಷ್ಟು ಮುಗಿಯಿತೆಂದು ಲೆಕ್ಕ ಹಾಕುತ್ತಾರೆ. ಒಂದು ಕೆಲಸ ಮುಕ್ಕಾಲು ಆಗಿದ್ದರೂ ಅದಕ್ಕೆ ಅಂಕ ಸೊನ್ನೆ. ಬ್ಯಾಲರ್ಡ್ ಮತ್ತು ಅವರ ಸಹೋದ್ಯೋಗಿ ಗ್ರೆಗ್ ಹೋವೆಲ್ ಮೊದಮೊದಲು ಅಳೆದು ನೋಡಿದಾಗ ಸಿಕ್ಕಿದ್ದು ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ತಪ್ಪಿದ ಪ್ರತಿ ಕೆಲಸದ ಮುಂದೆ ಕಾರಣವನ್ನೂ ಬರೆಯಬೇಕು.

ಹುಮ್ಮಸ್ಸಿನಿಂದ ನಾನೂ ಹಳೆಯ ಡೈರಿ ತೆಗೆದು ಆ ವಾರದ ಪಟ್ಟಿ ಮಾಡಿದೆ. ಆರು ಕೆಲಸಗಳಲ್ಲಿ ಮುಗಿದದ್ದು ಎರಡು. ಪೈಪಿನ ಸಾಲಿನಲ್ಲಿ ಪ್ಲಂಬರ್ ಹೇಳಿದ್ದನ್ನು ನಾನೇ ಗುರುತು ಹಾಕಿಕೊಂಡಿದ್ದೆ: 'ಗೀಸರ್ ಯಾವ ಗೋಡೆಗೆ? ಮನೆಯವರು ಇನ್ನೂ ತಿಳಿಸಿಲ್ಲ.'