ಐವತ್ತು ದಾಟಿದ ಮೇಲೆ ಐಟಿಐ ಸರ್ಟಿಫಿಕೇಟಿಗೆ ಬೆಲೆ ಇದೆಯಾ?

"ಸರ್, 1991ರಲ್ಲಿ ಐಟಿಐನಲ್ಲಿ ಟರ್ನರ್ ಟ್ರೇಡ್ (ಲೇತ್ ಯಂತ್ರದಲ್ಲಿ ಲೋಹ ಕಡೆಯುವ ಕೆಲಸ) ಮುಗಿಸಿದೆ. ಈಗ ಭೋಸರಿಯ ಕಂಪನಿ ಕೆಲಸ ಹೋಗಿದೆ. ಆ ಹಳೇ ಸರ್ಟಿಫಿಕೇಟ್ ಇನ್ನೂ ನಡೆಯುತ್ತಾ?"

ಪುಣೆ ಸುತ್ತಲಿನ ಭೋಸರಿಯಿಂದ, ನಿಗಡಿಯಿಂದ, ಚಾಕಣದಿಂದ, ಪಿಂಪ್ರಿಯಿಂದ ನಮ್ಮ ವಿಜಯಪುರ, ಕಲಬುರಗಿ ಕಡೆಯವರು ಇದನ್ನೇ ಕೇಳುತ್ತಾರೆ. ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಇನ್ನೊಮ್ಮೆ ಹೇಳುತ್ತೇನೆ, ದಯವಿಟ್ಟು ಪಕ್ಕದವರಿಗೂ ಹೇಳಿ.

ನಡೆಯುತ್ತದೆ. ಐಟಿಐ ಮುಗಿಸಿದವರಿಗೆ ಸಿಗುವ ಎನ್‌ಸಿವಿಟಿ (ರಾಷ್ಟ್ರೀಯ ವೃತ್ತಿ ತರಬೇತಿ ಮಂಡಳಿ) ಟ್ರೇಡ್ ಸರ್ಟಿಫಿಕೇಟಿಗೆ ಅವಧಿ ಅಂತ ಇಲ್ಲ. ಈ ಗೊಂದಲ ಎಲ್ಲಿಂದ ಬಂತು ಅಂದರೆ, ವೈರ್‌ಮನ್ ಲೈಸೆನ್ಸ್ ನವೀಕರಿಸಬೇಕಾಗುತ್ತದೆ, ಕೆಲವು ಕಡೆ ವೆಲ್ಡರ್ ಆರು ತಿಂಗಳು ಆ ಬಗೆಯ ವೆಲ್ಡಿಂಗ್ ಮಾಡದಿದ್ದರೆ ಮತ್ತೆ ಪರೀಕ್ಷೆ ಕೊಡಬೇಕು. ಅದು ಲೈಸೆನ್ಸಿನ ಮಾತು. ನೀವು ಎರಡು ವರ್ಷ ನಿಂತು ಕಲಿತ ಟ್ರೇಡಿನ ಮಾತಲ್ಲ.

"ಹೋಗ್ಲಿ ಸರ್, ಈಗ ಎಲ್ಲಾ ಸಿಎನ್‌ಸಿ, ನಮ್ಮ ವಿದ್ಯೆ ಹಳೇದಾಯ್ತು" ಅನ್ನುತ್ತಾರೆ. ಇದನ್ನು ಕೇಳಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಸಿಎನ್‌ಸಿ ಅಂದರೆ ಕಂಪ್ಯೂಟರ್ ಪ್ರೋಗ್ರಾಂ ನಡೆಸುವ ಮಷಿನ್; ಅದರ ಮುಂದೆ ನಿಂತು ಬಟನ್ ಒತ್ತುವುದು ಕೆಲವೇ ದಿನದ ಕಲಿಕೆ. ಆದರೆ ಟೂಲ್ ಸವೆದಿದೆ ಅಂತ ಶಬ್ದದಿಂದಲೇ ತಿಳಿಯುವುದು, ಫೀಡ್ (ಟೂಲ್ ಸರಿಯುವ ವೇಗ) ಎಷ್ಟಿರಬೇಕು, ಜಾಬ್ (ಕಡೆಯುತ್ತಿರುವ ಭಾಗ) ಯಾಕೆ ಟೇಪರ್ (ಒಂದು ತುದಿ ಸಣ್ಣ) ಬರ್ತಿದೆ, ಮೈಕ್ರೋಮೀಟರಿನಲ್ಲಿ 0.01 ಮಿಲಿಮೀಟರ್ ಹೆಚ್ಚು ಬಂದರೆ ಆಫ್‌ಸೆಟ್ (ಟೂಲಿನ ಅಳತೆ ತಿದ್ದುಪಡಿ) ಯಾವ ಕಡೆಗೆ ಕೊಡಬೇಕು, ಇದೆಲ್ಲ ಲೇತ್ ಮೇಲೆ ಕೈ ಮಸಿ ಮಾಡಿಕೊಂಡವನಿಗೇ ಚೆನ್ನಾಗಿ ಗೊತ್ತು. ಲೇತ್ ತಿಳಿದವರು ಪ್ರೋಗ್ರಾಂ ಓದಲು ಕಲಿತು ಸೆಟರ್ (ಮಷಿನ್ ಸಜ್ಜು ಮಾಡಿಕೊಡುವವರು) ಆಗಿದ್ದನ್ನು ನಾನೇ ನೋಡಿದ್ದೇನೆ. ಕಲಿಸಿದವನಾಗಿ ಅದು ನನಗೆ ಹೆಮ್ಮೆ.

ಹಾಗಾದರೆ ಕೆಲಸ ಯಾಕೆ ಸಿಗುತ್ತಿಲ್ಲ? ಖರ್ಚು. 1961ರ ಅಪ್ರೆಂಟಿಸ್ ಕಾಯ್ದೆಯಡಿ ಬಂದ ಹುಡುಗನಿಗೆ ಸ್ಟೈಪೆಂಡ್ ಕೊಟ್ಟರೆ ಸಾಕು, ಪಿಎಫ್ ಕಟ್ಟಬೇಕಿಲ್ಲ. ಉಳಿದ ಜಾಗಕ್ಕೆ ಠೇಕೇದಾರನ ಜನ. ಇಪ್ಪತ್ತೈದು ವರ್ಷದ ಸಂಬಳ ಏರಿಸಿಕೊಂಡ ನೀವು ಆ ಲೆಕ್ಕದಲ್ಲಿ ದುಬಾರಿ, ಅಷ್ಟೇ. ಅದಕ್ಕೇ ದೊಡ್ಡ ಕಂಪನಿಯ ಗೇಟಿನಲ್ಲಿ ಕಾಯುವ ಬದಲು ಸಣ್ಣ ವರ್ಕ್‌ಶಾಪಿಗೆ, ಟೂಲ್ ರೂಮಿಗೆ, ಮೇಂಟೆನೆನ್ಸಿಗೆ ಹೋಗಿ ಕೇಳಿ. ಬಯೋಡೇಟಾದಲ್ಲಿ ಬರೀ "30 ವರ್ಷ ಅನುಭವ" ಬೇಡ. ಯಾವ ಮಷಿನ್, ಯಾವ ಜಾಬ್, ಎಷ್ಟು ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸ), ಅದನ್ನು ಬರೆಯಿರಿ. ಹಳೇ ಸಂಬಳ ಸಿಗುವುದು ಕಷ್ಟ, ಅದನ್ನೂ ನೇರವಾಗಿ ಹೇಳಿಬಿಡುತ್ತೇನೆ.

ನೀವು ಕೇಳಲಿಲ್ಲ, ಆದರೂ ಹೇಳಲೇಬೇಕು. ಕೆಲಸ ಬಿಡುವಾಗ ಏನಕ್ಕೆ ಸಹಿ ಹಾಕಿದಿರಿ? ಕಂಪನಿಯೇ ನಿಮ್ಮನ್ನು ತೆಗೆದರೆ, ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಪರಿಹಾರ ಬರಬೇಕು. ನೀವೇ ರಾಜೀನಾಮೆ ಬರೆದುಕೊಟ್ಟರೆ ಅದು ಹೋಯಿತು. "ಫಾರ್ಮಾಲಿಟಿ, ಸುಮ್ನೆ ಸಹಿ ಹಾಕಿ" ಅಂದಾಗ ಹಾಕಿ ಬಂದವರು ಎಷ್ಟೋ ಜನ. ಗ್ರ್ಯಾಚುಯಿಟಿ (ಕೆಲಸ ಬಿಡುವಾಗ ಸೇವೆಗಾಗಿ ಬರುವ ಇಡುಗಂಟು) ಬೇರೆ, ಐದು ವರ್ಷ ಆಗಿದ್ದರೆ ರಾಜೀನಾಮೆ ಕೊಟ್ಟರೂ ಬರುತ್ತದೆ. ಕೊನೆಯ ತಿಂಗಳ ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 26,000 ಇದ್ದು, 22 ವರ್ಷ ದುಡಿದಿದ್ದರೆ 3,30,000 ರೂಪಾಯಿ. ಇನ್ನೂ ಸಹಿ ಹಾಕಿಲ್ಲ ಅಂದರೆ, ಆ ಕಾಗದ ಮರಾಠಿಯಲ್ಲಿದ್ದರೂ ಇಂಗ್ಲಿಷಿನಲ್ಲಿದ್ದರೂ, ಮೊದಲು ಒಂದು ಫೋಟೋ ತೆಗೆದು ಓದಲು ಬರುವವರಿಗೆ ತೋರಿಸಿ.